ಹೇಳಿ ಬರುವ ಕೆಲಸವಲ್ಲ

ಆಶಾ ಕಾರ್ಯಕರ್ತೆಯರ ಮನೆಭೇಟಿಯ ಬಗ್ಗೆ ನಮ್ಮಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಅದನ್ನು ಹೇಳುವವರೆಲ್ಲ ಕೆಟ್ಟ ಮನಸ್ಸಿನವರಲ್ಲ. ಆರೋಗ್ಯ ಇಲಾಖೆಯ ಒಳಗಿನವರು, ಪಂಚಾಯಿತಿ ಸದಸ್ಯರು, ನಾಲ್ಕಕ್ಷರ ಓದಿದ ಗೃಹಸ್ಥರು ಎಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ಅದನ್ನು ಆಡುತ್ತಾರೆ. ಅವರ ಮಾತಿನ ತಿರುಳು ಇಷ್ಟು: ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಓಣಿ ಓಣಿ ತಿರುಗಿ ಬಸುರಿಯರನ್ನು ಹುಡುಕಿ, ತಿಳಿಹೇಳಿ, ಆಸ್ಪತ್ರೆಗೆ ಕರೆತರುವವರು ಬೇಕಿತ್ತು. ಈಗ ಹೆಚ್ಚೂಕಡಿಮೆ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗುತ್ತಿದೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಬಾಣಂತಿಯನ್ನು ಮನೆಗೆ ಬಿಡಲು ‘ನಗು-ಮಗು’ ವಾಹನವಿದೆ, ಮಾಹಿತಿ ಬೇಕೆಂದರೆ ಕೈಯಲ್ಲೇ ಫೋನಿದೆ. ಹಾಗಾಗಿ ಮನೆಭೇಟಿ ತನ್ನ ಪಾಲಿನ ಕೆಲಸವನ್ನು ಮುಗಿಸಿದೆ. ಉಳಿದಿರುವುದು ಲಸಿಕೆಯ ದಿನ ನೆನಪಿಸುವುದು, ಮಾತ್ರೆ ನುಂಗಿದಿರಾ ಎಂದು ಕೇಳುವುದು. ಅದಕ್ಕೆ ಹೆಚ್ಚಿನ ತರಬೇತಿಯೂ ಬೇಡ, ಸಂಬಳವೂ ಬೇಡ. ಹಣವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಮಕ್ಕಳ ತಜ್ಞರನ್ನು ತರಲಿ.

ಈ ವಾದಕ್ಕೆ ಆಧಾರವಿಲ್ಲದಿಲ್ಲ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 97. ಹದಿನೈದು ವರ್ಷಗಳಲ್ಲಿ ನಡೆದ ಈ ಬದಲಾವಣೆ ದೊಡ್ಡದು. ಅದರಿಂದ ಉಳಿದ ತಾಯಂದಿರ ಜೀವಗಳೂ ನಿಜ. ಬೀದರ್ ಜಿಲ್ಲೆಯಲ್ಲೂ ಸೂಲಗಿತ್ತಿಯನ್ನೇ ನಂಬಿದ ಮನೆಗಳು ಇಂದು ಅಪರೂಪ. ಆಸ್ಪತ್ರೆಗೆ ತಜ್ಞ ವೈದ್ಯರು ಬೇಕು ಎಂಬುದರಲ್ಲೂ ಎರಡು ಮಾತಿಲ್ಲ. ನನ್ನ ತಕರಾರು ಈ ಸಂಗತಿಗಳ ಮೇಲಲ್ಲ. ಇವುಗಳಿಂದ ಎಳೆದ ತೀರ್ಮಾನದ ಕೆಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಊಹೆ ಕೂತಿದೆ. ಮನೆಭೇಟಿ ಎಂದರೆ ಮಾಹಿತಿ ಮುಟ್ಟಿಸುವುದು, ತಾಯಂದಿರ ಕೊರತೆ ಎಂದರೆ ತಿಳಿವಳಿಕೆಯ ಕೊರತೆ ಎಂಬ ಊಹೆ ಅದು. ಅದನ್ನು ಒಪ್ಪಿದರೆ ಉಳಿದದ್ದೆಲ್ಲ ಸಲೀಸಾಗಿ ಹಿಂಬಾಲಿಸುತ್ತದೆ. ಮಾಹಿತಿಯನ್ನು ಯಾರು ಬೇಕಾದರೂ ಮುಟ್ಟಿಸಬಹುದು, ಫೋನೂ ಮುಟ್ಟಿಸಬಹುದು, ಮತ್ತು ಮಾಹಿತಿ ಮುಟ್ಟಿದ ಮೇಲೆ ಮುಟ್ಟಿಸುವವರು ಬೇಡ. ಆದರೆ ಆ ಊಹೆಯೇ ತಪ್ಪು. ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಂಥ, ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಸಂಬಂಧವಿಟ್ಟುಕೊಂಡ, ಗಡಿಯಾಚೆಯ ಮಹಾರಾಷ್ಟ್ರದ ಜೊತೆಗೂ ಹೆಣ್ಣು ಕೊಟ್ಟು ತಂದ ಊರೊಂದನ್ನು ಮುಂದಿಟ್ಟುಕೊಂಡು ನೋಡಿದರೆ ಅದು ಯಾಕೆ ತಪ್ಪು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ದಿನಗಳ ಲೆಕ್ಕ. ಸಹಜ ಹೆರಿಗೆಯಾದ ತಾಯಿಯನ್ನು ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕೆಂಬುದು ನಿಯಮ. ನವಜಾತ ಅವಧಿ 28 ದಿನಗಳದ್ದು. ಅಂದರೆ ಎಲ್ಲವೂ ನಿಯಮದಂತೆ ನಡೆದರೂ ಕೂಸು ಆ ಅವಧಿಯ 26 ದಿನಗಳನ್ನು ಮನೆಯಲ್ಲಿ ಕಳೆಯುತ್ತದೆ. ನವಜಾತ ಶಿಶುಗಳ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತವೆ ಎಂಬುದು ನಿಜ, ಮತ್ತು ಅದರಲ್ಲಿ ದೊಡ್ಡ ಭಾಗ ಮೊದಲ ದಿನದ್ದು. ಆದರೆ ಆ ವಾರದಲ್ಲೂ ಮೂರನೆಯ ದಿನದಿಂದ ಮಗು ಮನೆಯಲ್ಲಿರುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಹೋಗಬೇಕೆಂದು ನಿಗದಿಪಡಿಸಿರುವುದು ಇದೇ ಲೆಕ್ಕದಿಂದ. ಆ ಭೇಟಿಯಲ್ಲಿ ಅವಳು ಮಾಡಬೇಕಾದ್ದನ್ನು ಗಮನಿಸಿ. ಮಗುವನ್ನು ತೂಗಬೇಕು, ಹುಟ್ಟಿದಾಗಿನ ತೂಕದ ಪಕ್ಕ ಇಟ್ಟು ನೋಡಬೇಕು. ಥರ್ಮಾಮೀಟರ್ ಇಟ್ಟು ಮೈ ತಣ್ಣಗಾಗಿದೆಯೇ ಎಂದು ಅಳೆಯಬೇಕು. ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಉಸಿರು ಎಣಿಸಬೇಕು. 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ. ಎದೆಗೂಡು ಒಳಕ್ಕೆ ಸೆಳೆಯುತ್ತಿದೆಯೇ, ಹೊಕ್ಕುಳ ಕೀವಾಗಿದೆಯೇ, ಹಾಲು ಚೀಪುವ ಶಕ್ತಿ ನಿನ್ನೆಗಿಂತ ಕುಗ್ಗಿದೆಯೇ, ತಾಯಿಗೆ ರಕ್ತಸ್ರಾವ ನಿಲ್ಲದೆ ಹೋಗುತ್ತಿದೆಯೇ, ಜ್ವರವಿದೆಯೇ ಎಂದು ನೋಡಬೇಕು. ಕೊನೆಗೆ ಇದು ಮನೆಯಲ್ಲೇ ನಿಭಾಯಿಸುವಂಥದೋ, ಈಗಲೇ ಹುಮನಾಬಾದಿಗೆ ಒಯ್ಯುವಂಥದೋ, ನೇರ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಬ್ರಿಮ್ಸ್‌ಗೇ ಹೊರಡಬೇಕೋ ಎಂದು ತೀರ್ಮಾನಿಸಬೇಕು. ಈ ಪಟ್ಟಿಯಲ್ಲಿ ಹೇಳುವುದು ಎಷ್ಟು, ನೋಡುವುದು ಎಷ್ಟು? ಸೋಂಕು ತಗುಲಿದ ಹಸುಗೂಸು ದೊಡ್ಡ ಮಕ್ಕಳಂತೆ ಜೋರಾಗಿ ಅತ್ತು ಸುದ್ದಿ ಮಾಡುವುದಿಲ್ಲ, ಸುಮ್ಮನೆ ಮಲಗುತ್ತದೆ. ಮೊದಲ ಬಾರಿ ತಾಯಾದವಳಿಗೂ, ಅಜ್ಜಿಗೂ, ಆ ಸುಮ್ಮನಿರುವಿಕೆ ನೆಮ್ಮದಿಯಂತೆಯೇ ಕಾಣಬಹುದು. ಅದನ್ನು ಬೇರ್ಪಡಿಸುವುದಕ್ಕೆ ಬೇಕಾದದ್ದು ತರಬೇತಿ ಪಡೆದ ಕಣ್ಣು. ಆ ಕಣ್ಣನ್ನು ಯಾವ ಫೋನ್ ಸಂದೇಶವೂ ಕಳಿಸಿಕೊಡಲಾರದು.

ಇದು ಬರಿಯ ತರ್ಕವಲ್ಲ, ಪ್ರಯೋಗದಲ್ಲಿ ಕಂಡದ್ದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆ ಕಲಿಸಿ 39 ಹಳ್ಳಿಗಳಲ್ಲಿ ಮನೆಭೇಟಿ ನಡೆಸಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಅಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಇಳಿದಿತ್ತು. ಇಂದು ದೇಶದಾದ್ಯಂತ ಆಶಾಗಳು ಮಾಡುವ ನವಜಾತ ಭೇಟಿಯ ಬೇರು ಇಲ್ಲೇ ಇದೆ. ಇದಕ್ಕೆ ಬರುವ ಆಕ್ಷೇಪ ತೂಕದ್ದೇ. ಗಡಚಿರೋಲಿಯಲ್ಲಿ ಆಗ ಹೆರಿಗೆಗಳು ಬಹುಪಾಲು ಮನೆಯಲ್ಲಿ ಆಗುತ್ತಿದ್ದವು, ಹಾಗಾಗಿ ಮೊದಲ ಗಂಟೆಯ ಆರೈಕೆಯೂ ಆ ಕಾರ್ಯಕರ್ತೆಯರದೇ ಪಾಲಿಗೆ ಬಂತು. ಈಗ ಆ ಭಾಗ ಆಸ್ಪತ್ರೆಗೆ ಹೋಗಿದೆ, ಆದ್ದರಿಂದ 62ನ್ನು ಇಂದಿನ ಬೀದರಿಗೆ ತಂದು ಹಚ್ಚಬಾರದು. ಒಪ್ಪುತ್ತೇನೆ, ಹಚ್ಚಬಾರದು. ಇನ್ನೊಂದನ್ನೂ ಒಪ್ಪಬೇಕು. ಅಲ್ಲಿನ ಹೆಣ್ಣುಮಕ್ಕಳು ಸೋಂಕು ಕಂಡಾಗ ಆಂಟಿಬಯೋಟಿಕ್ ಚುಚ್ಚುಮದ್ದನ್ನು ತಾವೇ ಕೊಡುವಷ್ಟು ಕಲಿತಿದ್ದರು, ಅವರ ಹಿಂದೆ ನಿಯಮಿತ ಮೇಲ್ವಿಚಾರಣೆ ಇತ್ತು. ನಮ್ಮ ಆಶಾಳಿಗೆ ಅಷ್ಟು ಕಲಿಸಿಲ್ಲ, ಅಷ್ಟು ಬೆನ್ನಾಸರೆಯೂ ಇಲ್ಲ. ಆದರೆ ಈ ಎರಡನೆಯ ಸಂಗತಿ ಯಾರ ಪರ ವಾದಿಸುತ್ತದೆ? ಭೇಟಿ ಫಲ ಕೊಟ್ಟದ್ದು ಕೌಶಲ, ಉಪಕರಣ, ಮೇಲ್ವಿಚಾರಣೆ ಮೂರೂ ಇದ್ದ ಕಡೆ ಎಂದಾದರೆ, ಇವು ಮೂರನ್ನೂ ಕಡಿಮೆ ಮಾಡಿ ಭೇಟಿಯಿಂದ ಪ್ರಯೋಜನವಿಲ್ಲ ಎನ್ನುವುದು ಬಿತ್ತನೆ ಮಾಡದ ಹೊಲದಲ್ಲಿ ತೊಗರಿ ಬೆಳೆಯುವುದಿಲ್ಲ ಎಂದು ಸಾಧಿಸಿದ ಹಾಗೆ.

ತಿಳಿವಳಿಕೆಯ ಕೊರತೆಯೇ ಮೂಲ ಎಂಬ ಮಾತನ್ನು ಇನ್ನೊಂದು ದಿಕ್ಕಿನಿಂದಲೂ ಪರೀಕ್ಷಿಸಬಹುದು. 2019–21ರ ಅದೇ ಸಮೀಕ್ಷೆಯಲ್ಲಿ, ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಾದ ಇದೇ ಕರ್ನಾಟಕದಲ್ಲಿ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳು ನೂರಕ್ಕೆ 49 ಮಾತ್ರ. ಆ ಮೊದಲ ಗಂಟೆಯಲ್ಲಿ ಮಗು ಇದ್ದದ್ದು ಆಸ್ಪತ್ರೆಯಲ್ಲಿ, ಸುತ್ತ ಇದ್ದವರು ಆಸ್ಪತ್ರೆಯ ಸಿಬ್ಬಂದಿ. ಹಳ್ಳಿಯ ಮುದುಕಿಯರು ಗಿಣ್ಣುಹಾಲು ಚೆಲ್ಲಿಸುತ್ತಾರೆ, ಜೇನು ನೆಕ್ಕಿಸುತ್ತಾರೆ ಎಂದು ದೂರುವ ಮೊದಲು ಈ ಅಂಕಿಯ ಎದುರು ಸ್ವಲ್ಪ ನಿಲ್ಲಬೇಕು. ಬಲ್ಲವರ ನಡುವೆಯೇ ಇದು ತಪ್ಪುತ್ತಿದೆಯಾದರೆ, ತಿಳಿವಳಿಕೆ ಇದ್ದರೆ ಕೆಲಸ ಆಗುತ್ತದೆ ಎಂಬ ನಂಬಿಕೆಗೆ ಏನಾಯಿತು? ಫೋನಿನ ಪ್ರಯೋಗವೂ ನಡೆದಿದೆ. ಬಸುರಿಯರಿಗೂ ಬಾಣಂತಿಯರಿಗೂ ವಾರಕ್ಕೊಮ್ಮೆ ಧ್ವನಿಸಂದೇಶ ಕಳಿಸುವ ‘ಕಿಲ್ಕಾರಿ’ ಎಂಬ ಸರ್ಕಾರಿ ಯೋಜನೆಯನ್ನು ಮಧ್ಯಪ್ರದೇಶದಲ್ಲಿ ಶಿಸ್ತಿನಿಂದ ಪರೀಕ್ಷಿಸಿದಾಗ, ಗರ್ಭನಿರೋಧಕ ಬಳಕೆಯಲ್ಲಿ ತುಸು ಏರಿಕೆ ಕಂಡಿತು, ಎದೆಹಾಲಿನ ವಿಷಯದಲ್ಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಅರ್ಥವಾಗದ ಫಲಿತಾಂಶವೇನಲ್ಲ. ಆರು ತಿಂಗಳು ಬರೀ ಎದೆಹಾಲು ಎಂಬುದನ್ನು ಕೇಳದ ತಾಯಿ ಇಂದು ಕಡಿಮೆ. ಸೋಯಾ ಕೊಯ್ಲಿಗೆ, ತೊಗರಿ ರಾಶಿಗೆ ಎರಡನೆಯ ತಿಂಗಳಲ್ಲೇ ಕೂಲಿಗೆ ಹೊರಡಬೇಕಾದವಳಿಗೆ ಆ ಮಾತು ಗೊತ್ತಿದ್ದರೇನು, ಬಿಟ್ಟರೇನು? ಅವಳ ಮನೆಗೆ ಬಂದವಳು ಮಾಡಬಹುದಾದ್ದು ಬೇರೆ. ಹಾಲು ಹಿಂಡಿಟ್ಟು ಹೋಗುವುದನ್ನು ಕೈಯಾರೆ ತೋರಿಸಬಹುದು. ಅತ್ತೆಯ ಜೊತೆ ಕೂತು ಇನ್ನು ಇಪ್ಪತ್ತು ದಿನ ಸೊಸೆಯನ್ನು ಹೊಲಕ್ಕೆ ಕಳಿಸಬೇಡಿ ಎಂದು ಚೌಕಾಶಿ ಮಾಡಬಹುದು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ ಎಂದು ಹೆದರಿ ಬಿಟ್ಟವಳಿಗೆ ರಾತ್ರಿ ಊಟದ ಮೇಲೆ ನುಂಗಿ ನೋಡು ಎಂದು ಹೇಳಿ, ಮುಂದಿನ ವಾರ ಬಂದು ಪಟ್ಟಿಯಲ್ಲಿ ಉಳಿದ ಮಾತ್ರೆ ನೋಡಬಹುದು. ಇದು ಮನೆಯೊಳಗಿನ ಅಧಿಕಾರದ ಜೊತೆ, ದುಡಿಮೆಯ ಒತ್ತಡದ ಜೊತೆ ನಡೆಸುವ ಮಾತುಕತೆ. ಮರಾಠಿ, ದಖನಿ, ಲಂಬಾಣಿ, ಕನ್ನಡ ಬೆರೆತ ಈ ಭಾಗದಲ್ಲಿ ಆ ಮಾತುಕತೆ ಯಾವ ಮನೆಯಲ್ಲಿ ಯಾವ ನುಡಿಯಲ್ಲಿ ನಡೆಯಬೇಕು ಎಂಬುದೂ ಆಕೆಗೇ ಗೊತ್ತು.

ಮಗು ಆರು ತಿಂಗಳು ದಾಟಿದ ಮೇಲಿನ ಕಥೆಯಲ್ಲಂತೂ ಹೆರಿಗೆ ಆಸ್ಪತ್ರೆಗೆ ಪಾತ್ರವೇ ಇಲ್ಲ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ರಾಜ್ಯದಲ್ಲಿ 2005–06ರಲ್ಲಿ ನೂರಕ್ಕೆ ಸುಮಾರು 44 ಇದ್ದರು, 2015–16ರಲ್ಲಿ 36 ಆದರು, 2019–21ರಲ್ಲಿ 35. ಆಸ್ಪತ್ರೆಯ ಹೆರಿಗೆ ಶಿಖರ ಮುಟ್ಟಿದ ವರ್ಷಗಳಲ್ಲೇ ಈ ಇಳಿಕೆ ಬಹುತೇಕ ನಿಂತುಹೋಗಿದೆ. ಬೆಳವಣಿಗೆ ಕುಂಠಿತವಾಗುವುದು ಮುಖ್ಯವಾಗಿ ಬಸುರಿನಿಂದ ಎರಡನೆಯ ವರ್ಷದವರೆಗಿನ ಅವಧಿಯಲ್ಲಿ. ಮೇಲಿನ ಆಹಾರ ಯಾವಾಗ ಶುರುವಾಯಿತು, ಎಷ್ಟು ಗಟ್ಟಿಯಾಗಿತ್ತು, ಭೇದಿಯಾದಾಗ ಊಟ ನಿಲ್ಲಿಸಿದರೇ ಎಂಬ ಪ್ರಶ್ನೆಗಳು ಅಡುಗೆಮನೆಯಲ್ಲಿ ತೀರ್ಮಾನವಾಗುತ್ತವೆ. 2018ರಲ್ಲಿ 3, 6, 9, 12, 15ನೆಯ ತಿಂಗಳ ಭೇಟಿಗಳನ್ನು ಸೇರಿಸಿದ್ದು ಅದಕ್ಕೇ.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಆಸ್ಪತ್ರೆ ಎಂಬುದು ತನ್ನ ಬಳಿ ಬಂದವರನ್ನು ಮಾತ್ರ ಬಲ್ಲದು. ಬಾರದವರ ಲೆಕ್ಕ ಅದರ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಆ ಲೆಕ್ಕ ಸಿಗಬೇಕಾದರೆ ಊರಿನ ಪ್ರತಿ ಮನೆಯನ್ನೂ ಬಲ್ಲ ಒಬ್ಬರು ಬೇಕು. 2009ರಿಂದ 2014ರವರೆಗೆ ಬೀದರ್ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ ಆಶಾಗಳ ಕೈಗೆ ಕೊಟ್ಟ ಸಾಧನಗಳಲ್ಲಿ ಮನೆಮನೆ ಎಣಿಸಿ ತಾಯಿ-ಮಕ್ಕಳ ಜಾಡು ಹಿಡಿಯುವ ಪಟ್ಟಿಯೂ ಒಂದಾಗಿತ್ತು. ಈ ಪಟ್ಟಿಯ ಬೆಲೆ ಗೊತ್ತಾಗಬೇಕಾದರೆ ಘಾಟಬೋರಾಳದ ಕಡೆಯ ಬಾಣಂತನದ ರೀತಿಯನ್ನು ನೆನೆಯಬೇಕು. ಚೊಚ್ಚಲ ಬಸುರಿ ಕುಬುಸ ಮಾಡಿಸಿಕೊಂಡು ಏಳನೆಯ ತಿಂಗಳ ಹೊತ್ತಿಗೆ ತವರಿಗೆ ಹೋಗುತ್ತಾಳೆ, ಕೂಸಿಗೆ ಮೂರು, ಕೆಲವೊಮ್ಮೆ ಐದು ತಿಂಗಳಾದ ಮೇಲೆ ಗಂಡನ ಮನೆಗೆ ಮರಳುತ್ತಾಳೆ. ತಾಯಿ ಕಾರ್ಡ್ ಗಂಡನ ಊರಲ್ಲಿ ಆಗಿರುತ್ತದೆ, ಹೆರಿಗೆ ತವರಿನ ಹತ್ತಿರದ ಆಸ್ಪತ್ರೆಯಲ್ಲಿ. ಅಂದರೆ ಬಸುರಿನ ಕೊನೆಯ ಎರಡು ತಿಂಗಳು, ಹೆರಿಗೆ, ಮೊದಲ ತಿಂಗಳು ಎಂಬ ಅತ್ಯಂತ ಸೂಕ್ಷ್ಮ ಕಾಲದಲ್ಲೇ ಆಕೆ ಒಬ್ಬ ಆಶಾಳ ಪಟ್ಟಿಯಿಂದ ಜಾರಿರುತ್ತಾಳೆ, ಇನ್ನೊಬ್ಬಳ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ತವರು ಭಾಲ್ಕಿಯಲ್ಲೋ ಔರಾದಿನಲ್ಲೋ ಇದ್ದರೆ ಫೋನಿನಲ್ಲಿ ಹಿಡಿಯಬಹುದು. ಉಮರ್ಗಾ, ನಿಲಂಗಾ ಅಥವಾ ಜಹೀರಾಬಾದ್ ಆಗಿದ್ದರೆ ರಾಜ್ಯವೇ ಬೇರೆ, ಕಾರ್ಡ್ ಬೇರೆ, ಬರವಣಿಗೆಯ ಭಾಷೆಯೂ ಬೇರೆ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆಂದು ಮಹಾರಾಷ್ಟ್ರಕ್ಕೋ ಹೈದರಾಬಾದಿಗೋ ಗುಳೆ ಹೋಗುವ ತಾಂಡಾದ ಕುಟುಂಬಗಳದ್ದು ಇನ್ನೂ ಬಿಗಿಯಾದ ಪರಿಸ್ಥಿತಿ. ಕಾಗದದ ಮೇಲೆ ಇವೆಲ್ಲ ‘ಊರಲ್ಲಿಲ್ಲ’ ಎಂಬ ಒಂದೇ ನಮೂದಾಗಿ ಮುಗಿಯುತ್ತವೆ, ಆ ನಮೂದಿನಿಂದ ಯಾರ ಸಾಧನೆಯ ಶೇಕಡಾವಾರೂ ಕೆಡುವುದಿಲ್ಲ. ಆದರೆ ಅಪಾಯ ಹೆಚ್ಚಿರುವುದು ಇವರಲ್ಲೇ. ಹಾಗಿರುವಾಗ ಭೇಟಿಗಳ ಒಟ್ಟು ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಅದರಿಂದ ನಾವು ಕಲಿಯುವುದು ಕಡಿಮೆ. ಹೊರಗುಳಿದವರು ಯಾರು, ಅವರನ್ನು ಈಗ ಯಾವ ಊರಿನ ಯಾರು ನೋಡುತ್ತಿದ್ದಾರೆ ಎಂಬ ಪ್ರಶ್ನೆ ಕೇಳಿದಾಗ ಮಾತ್ರ ಮನೆಭೇಟಿಯ ನಿಜವಾದ ಕಸುಬು ಕಣ್ಣಿಗೆ ಬೀಳುತ್ತದೆ.

ಇನ್ನು ಕೆಲವು ಆಕ್ಷೇಪಗಳು.

1. ಮನೆಭೇಟಿ ಎಂದರೆ ಬಡವರ ಮನೆಯೊಳಗೆ ಸರ್ಕಾರದ ಇಣುಕುನೋಟ ಎಂಬುದು ಒಂದು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1996ರಲ್ಲಿ ಗುರಿಪದ್ಧತಿಯನ್ನು ಕೈಬಿಡುವವರೆಗೆ ನರ್ಸಮ್ಮನ ಭೇಟಿ ಎಷ್ಟೋ ಮನೆಗಳಲ್ಲಿ ಆಪರೇಷನ್ ಕೇಸು ಹುಡುಕುವ ಭೇಟಿಯಾಗಿತ್ತು. ಅವಳನ್ನು ಕಂಡರೆ ಹೆಂಗಸರು ಒಳಗೆ ಸರಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ವಚ್ಛತೆ ಬೋಧಿಸಲು ಕೂಲಿಕಾರರ ಮನೆಗಳಿಗೆ ಹೋದ ಮೊದಲ ಆರೋಗ್ಯ ಸಂದರ್ಶಕಿಯರ ಮೇಲೂ ಇದೇ ದೂರಿತ್ತು. ಆದರೆ ಎಚ್ಚರದಿಂದ ನೋಡಿದರೆ, ಇಣುಕುನೋಟ ಹುಟ್ಟುವುದು ಭೇಟಿಯಿಂದಲ್ಲ, ಭೇಟಿಗೆ ಹೊರಗಿನಿಂದ ಕಟ್ಟಿದ ಗುರಿಯಿಂದ. ತಾಯಿಯ ಒಳಿತಿಗೆ ಹೋದವಳಿಗೂ ಮೇಲಿನವರ ಅಂಕಿ ತುಂಬಲು ಹೋದವಳಿಗೂ ಬಾಗಿಲಲ್ಲಿ ಸಿಗುವ ಸ್ವಾಗತ ಬೇರೆ ಬೇರೆ. ಇಂದು ಆಕೆ ಮನೆಯೊಳಗೆ ಕಾಲಿಟ್ಟು ಮಗುವಿನ ಮುಖ ನೋಡುವ ಮೊದಲೇ ಆ್ಯಪ್ ತೆರೆದು ಆಧಾರ್ ಸಂಖ್ಯೆ ಕೇಳಬೇಕಾಗಿ ಬಂದರೆ, ನಾವು ಹಳೆಯ ತಪ್ಪನ್ನೇ ಹೊಸ ಉಪಕರಣದಲ್ಲಿ ಮಾಡುತ್ತಿದ್ದೇವೆ.

2. ಬಡತನವೇ ರೋಗ, ಭೇಟಿಯಿಂದ ಏನು ಎಂಬುದು ಇನ್ನೊಂದು. ಬಡತನ ಕಾರಣವೆಂಬುದು ಸತ್ಯ, ಬಾಲ್ಯವಿವಾಹವೂ ಕಾರಣ. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಆದರೆ ಕೂಲಿ ಹೆಚ್ಚುವವರೆಗೆ ಈ ತಿಂಗಳು ಹುಟ್ಟಿದ ಕೂಸು ಕಾಯಲಾರದು. ಬಡತನ ಇರುವುದರಿಂದಲೇ, ಅಪಾಯವನ್ನು ಬೇಗ ಗುರುತಿಸುವುದರ ಬೆಲೆ ಹೆಚ್ಚು. ತಡವಾದಷ್ಟೂ ಸಾಲವೂ ಹೆಚ್ಚಾಗುತ್ತದೆ.

3. ಅಂಗನವಾಡಿ ಕಾರ್ಯಕರ್ತೆ, ಆಶಾ, ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮೂವರೂ ಒಂದೇ ಮನೆಗೆ ಹೋಗುವುದು ದಂಡವಲ್ಲವೇ ಎನ್ನುತ್ತಾರೆ. ಮೂವರೂ ಅದೇ ಪ್ರಶ್ನೆ ಕೇಳಿ ಮೂರು ಪುಸ್ತಕಗಳಲ್ಲಿ ಬರೆದರೆ ಹೌದು, ದಂಡ. ಅದಕ್ಕೆ ಪರಿಹಾರ ಬರವಣಿಗೆಯನ್ನು ಒಂದಾಗಿಸುವುದು.

ಕೊನೆಗೆ ಹಣದ ಮಾತು. ಮನೆಭೇಟಿ ಬರೀ ಮಾಹಿತಿ ಸಾಗಣೆ ಎಂದು ನಂಬಿದ್ದರಿಂದಲೇ ಅದನ್ನು ಸ್ವಯಂಸೇವೆ ಎಂದು ಕರೆಯಲು ಸಾಧ್ಯವಾಯಿತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾಳನ್ನು ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ ನೇಮಿಸಿ, ಕೆಲಸಕ್ಕೆ ತಕ್ಕ ಪ್ರೋತ್ಸಾಹಧನದ ಮೇಲೆ ನಿಲ್ಲಿಸಲಾಯಿತು. 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಇಂಥ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಚಿತಪಡಿಸುವ ಭರವಸೆ ಸರ್ಕಾರದಿಂದ ಬಂತು. ಮೊತ್ತದಷ್ಟೇ ಕಾಡುವುದು ಅದನ್ನು ಕಟ್ಟಿರುವ ಬಗೆ. ನವಜಾತ ಶಿಶುವಿನ ಆರೂ ಭೇಟಿಗಳಿಗೆ ಸೇರಿ ಗೊತ್ತುಮಾಡಿದ್ದು 250 ರೂಪಾಯಿ. 2011ರ ಮಾರ್ಗಸೂಚಿಯಲ್ಲಿ ಆ ಹಣಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, 42ನೆಯ ದಿನದವರೆಗೆ ತಾಯಿಯೂ ಮಗುವೂ ಸುರಕ್ಷಿತವಾಗಿರಬೇಕು ಎಂಬುದು. ಇದರ ಅರ್ಥ ಯೋಚಿಸಿ. 1,600 ಗ್ರಾಂ ತೂಕದ ಮಗುವಿನ ಮನೆಗೆ ಓಡಾಡಿ, ಅಪಾಯ ಗುರುತಿಸಿ, ರಾತ್ರಿ ಆಂಬುಲೆನ್ಸ್ ಹತ್ತಿಸಿ ಬೀದರಿನವರೆಗೂ ಜೊತೆಗೆ ಹೋದವಳಿಗೆ, ಆ ಮಗು ಉಳಿಯದಿದ್ದರೆ ಆ ಷರತ್ತಿನಂತೆ ಭೇಟಿಯ ಹಣವಿಲ್ಲ. ಯಾವ ವೈದ್ಯರ ಸಂಬಳಕ್ಕೂ ನಾವು ಇಂಥ ಷರತ್ತು ಹಾಕುವುದಿಲ್ಲ, ಹಾಕಲೂಬಾರದು. ಕೌಶಲದ ಕೆಲಸವೆಂದು ಒಪ್ಪಿದ ಕಡೆ ನಾವು ಶ್ರದ್ಧೆಗೂ ತೀರ್ಮಾನಕ್ಕೂ ಬೆಲೆ ಕೊಡುತ್ತೇವೆ. ಫಲ ಕೆಲಸ ಮಾಡಿದವರೊಬ್ಬರ ಕೈಯಲ್ಲಿಲ್ಲ ಎಂಬುದು ನಮಗೆ ಗೊತ್ತಿರುತ್ತದೆ. ಸೇವೆಯ ಭಾವ ಹೋಗಿಬಿಡುತ್ತದೆ, ಸಂಬಳ ಕೊಟ್ಟರೆ ಎಲ್ಲ ಸರ್ಕಾರಿ ನೌಕರರಂತಾಗುತ್ತಾರೆ ಎಂದು ಹೆದರುವವರಿದ್ದಾರೆ. ಆ ಹೆದರಿಕೆಗೆ ಆಧಾರ ಇದ್ದರೆ ಅದು ನರ್ಸರಿಗೂ ಶಿಕ್ಷಕರಿಗೂ ವೈದ್ಯರಿಗೂ ಅನ್ವಯಿಸಬೇಕು. ಸಾವಿರ ಜನರ ಊರಿನಲ್ಲಿ ಹೆಂಗಸರು ಮಾಡುವ ಆರೈಕೆಯ ಕೆಲಸಕ್ಕೆ ಮಾತ್ರ ಅದನ್ನು ಅನ್ವಯಿಸುವುದಕ್ಕೆ ನನಗೆ ಯಾವ ನ್ಯಾಯವೂ ಕಾಣುವುದಿಲ್ಲ.

ಕೌಶಲವೆಂದು ಒಪ್ಪಿದರೆ ಇನ್ನೊಂದು ಕರ್ತವ್ಯ ಆಸ್ಪತ್ರೆಯ ಮೇಲೆ ಬೀಳುತ್ತದೆ. ಆಶಾ ಬರೆದು ಕಳಿಸಿದ ಚೀಟಿಯನ್ನು ಅಲ್ಲಿ ಓದಬೇಕು. ಉಸಿರು 60 ದಾಟಿದೆ ಎಂದು ಅವಳು ಎಣಿಸಿ ಬರೆದಿದ್ದರೆ ಮಗುವನ್ನು ಸರದಿಯಲ್ಲಿ ನಿಲ್ಲಿಸದೆ ಮೊದಲು ನೋಡಬೇಕು. ಅದಕ್ಕಿಂತ ಮುಖ್ಯ, ಏನು ಕಂಡಿತು, ಏನು ಕೊಟ್ಟೆವು, ಮನೆಯಲ್ಲಿ ಏನನ್ನು ಗಮನಿಸಬೇಕು ಎಂದು ನಾಲ್ಕು ಸಾಲಿನ ಮರುಚೀಟಿ ಅವಳಿಗೆ ತಲುಪಬೇಕು. ಈಗ ಮಗು ಆಸ್ಪತ್ರೆಯಿಂದ ಬಂದ ಮೇಲೆ ಅಲ್ಲಿ ಏನಾಯಿತೆಂದು ಆಕೆ ಅಜ್ಜಿಯ ಬಾಯಿಂದ ಕೇಳಿ ಊಹಿಸಬೇಕಾಗಿ ಬಂದರೆ, ಮುಂದಿನ ಭೇಟಿಗೆ ಅವಳ ಬಳಿ ಆಧಾರವೇ ಇರುವುದಿಲ್ಲ, ತನ್ನ ಎಣಿಕೆ ಸರಿಯಾಗಿತ್ತೇ ತಪ್ಪಾಗಿತ್ತೇ ಎಂದು ಕಲಿಯುವ ದಾರಿಯೂ ಇರುವುದಿಲ್ಲ. ತವರಿಗೆ ಹೋದ ಬಸುರಿಯ ಕೈಯಲ್ಲೂ ಇಂಥದೇ ಒಂದು ಚೀಟಿ, ಗಡಿಯಾಚೆಯವರಿಗೂ ಓದಲು ಬರುವಂತೆ ಕನ್ನಡದ ಜೊತೆ ಮರಾಠಿಯಲ್ಲೂ ತೆಲುಗಿನಲ್ಲೂ ಅಚ್ಚಾದದ್ದು, ಇರಬೇಕು. ಇದಕ್ಕೆ ಹೊಸ ಕಾನೂನು ಬೇಡ, ವಿಧಾನಸೌಧದ ಅನುಮತಿಗಾಗಿ ಕಾಯಬೇಕಾಗಿಯೂ ಇಲ್ಲ. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ಒಟ್ಟಿಗೆ ಕೂತು ಮುಂದಿನ ತಿಂಗಳಿಂದಲೇ ಶುರುಮಾಡಬಹುದು.